ಬಾಣಂತಿ ಕೋಣೆಯ ಕಿಟಕಿ

ಅಂಬತ್ತೂರು, ಚೆನ್ನೈ
28 ನವೆಂಬರ್ 2024

ಅಮ್ಮಾ,

ಸೀಮಂತದ ದಿನ ನೀನು ನನ್ನ ಬ್ಯಾಗಿಗೆ ಇಪ್ಪತ್ತು ಇನ್‌ಲ್ಯಾಂಡ್ ಲೆಟರ್ ತುರುಕಿದಾಗ ನಕ್ಕಿದ್ದೆ. ಪೋಸ್ಟ್ ಆಫೀಸಿನಿಂದ ರಿಟೈರ್ ಆದರೂ ನಮ್ಮಮ್ಮನಿಗೆ ಆ ಚಟ ಬಿಟ್ಟಿಲ್ಲ ಎಂದು ದಿನೇಶ್ ಹತ್ತಿರ ಆಡಿಕೊಂಡಿದ್ದೆ. ಈಗ ನೋಡು, ಮೊದಲನೆಯದನ್ನು ಬಿಡಿಸಿಕೊಂಡು ಕೂತಿದ್ದೇನೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅತ್ತೆ ನನ್ನ ಫೋನ್ ತೆಗೆದುಕೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದಂತೆ. ನೀನು ಫೋನ್ ಮಾಡಿದರೆ ಸ್ಪೀಕರ್ ಹಾಕುತ್ತಾರೆ, ಯಾಕೆಂದರೆ ನನ್ನ ಎರಡೂ ಕಿವಿಗೆ ಹತ್ತಿ ತುರುಕಿದ್ದಾರೆ. ಆಮೇಲೆ ಮಂಚದ ಪಕ್ಕದಲ್ಲೇ ಕೂತು ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಅಂಥ ಕಡೆ ಚೆನ್ನಾಗಿದ್ದೀನಿ ಅನ್ನದೆ ಇನ್ನೇನು ಅನ್ನಲಿ? ಕಾಗದವಾದರೂ ಬರೆಯಬಹುದಾ ಎಂದು ಕೇಳಿದೆ. "ಬರ್ಕೊ ಮಗ, ಕಾಗದ ಕಣ್ಣು ಕುಕ್ಕಕಿಲ್ಲ" ಅಂದರು. ದಿನೇಶ್ ಫ್ಯಾಕ್ಟರಿಗೆ ಹೋಗುವಾಗ ಡಬ್ಬಕ್ಕೆ ಹಾಕುತ್ತಾರೆ.

ನಿನ್ನ ಮೊಮ್ಮಗಳು ಒಂದು ಕೆಜಿ ಒಂಬೈನೂರು ಗ್ರಾಂ ಇದ್ದಾಳೆ. ಎಂಟು ತಿಂಗಳಿಗೇ ಅವಸರಪಟ್ಟು ಬಂದವಳಲ್ಲವೆ, ಮೈಯಲ್ಲಿ ಕೊಬ್ಬೇ ಇಲ್ಲ, ಹಾಗಾಗಿ ಕೋಣೆ ಬೆಚ್ಚಗಿರಲೇಬೇಕು ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿ ಕಳಿಸಿದ್ದಾರೆ. ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿಕೊಂಡು ಮೇಲೆ ಬಟ್ಟೆ ಸುತ್ತಿಕೊಳ್ಳುವುದನ್ನು ನರ್ಸ್ ಕಲಿಸಿಕೊಟ್ಟಳು. ಅಪ್ಪಂದಿರೂ ಹಾಗೆ ಮಾಡಬಹುದು ಎಂದಳು. ಅತ್ತೆ ಮುಖ ತಿರುಗಿಸಿಕೊಂಡು ಆಚೆಗೇ ಹೋಗಿಬಿಟ್ಟರು. ಆ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ.

ಈ ಊರಿನಲ್ಲಿ ಮನೆ ತಣ್ಣಗಿಡುವುದು ಹೇಗೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಚ್ಚಗಿಡುವುದು ಹೇಗೆಂದು ಒಬ್ಬರಿಗೂ ಗೊತ್ತಿಲ್ಲ. ಮೂರು ದಿನದಿಂದ ಮಳೆ ಹಿಡಿದಿದೆ. ನಮಗೆ ಹಿತವಾಗಿದೆ, ಮಗುವಿನ ಅಂಗಾಲು ಮಾತ್ರ ತಣ್ಣಗಿರುತ್ತದೆ. ಕೋಣೆಗೆ ಇರುವುದು ಒಂದೇ ಗಾಜಿನ ಕಿಟಕಿ. ಹಿಂದಿನ ಬಾಡಿಗೆಯವರು ಏಸಿ ತಂಪು ಆಚೆ ಹೋಗಬಾರದೆಂದು ಅದರ ಸಂದುಗಳಿಗೆಲ್ಲ ಟೇಪ್ ಅಂಟಿಸಿದ್ದಾರೆ. ಅದನ್ನು ಕಿತ್ತು ಸ್ವಲ್ಪ ಸರಿಸೋಣವೆಂದು ಎದ್ದರೆ ಅತ್ತೆ ಅಡ್ಡ ನಿಂತರು. ಕಾರಣ ಕೇಳಿದರೆ ಹೇಳುವುದಿಲ್ಲ. ಬೇಡ ಅಂದರೆ ಬೇಡ.

ನೀನು ಕಾಲು ಮುರಿದುಕೊಳ್ಳದಿದ್ದರೆ ನಾನು ಈ ಹೊತ್ತಿಗೆ ಸಾತನೂರಿನಲ್ಲಿ ನಿನ್ನ ಕೈಯಡುಗೆ ತಿನ್ನುತ್ತಿದ್ದೆ. ಇದನ್ನು ಬರೆಯಬಾರದೆಂದಿದ್ದೆ. ಬರೆದುಬಿಟ್ಟೆ.

ನಿನ್ನ
ಅನು


ಸಾತನೂರು
3 ಡಿಸೆಂಬರ್ 2024

ಮಗಳೇ ಅನು,

ಕಾಗದ ಐದನೇ ದಿನಕ್ಕೆ ಬಂತು. ಕಿಟ್ಟಣ್ಣ ಮಂಚದ ಹತ್ತಿರಕ್ಕೇ ತಂದುಕೊಟ್ಟ. ನನ್ನ ಕೈ ಕೆಳಗೆ ಹದಿನೆಂಟು ವರ್ಷ ಬಟವಾಡೆ ಮಾಡಿದವನು. ಮೇಡಂ ಹೆಸರಿಗೇ ಕಾಗದ ಬಂತಲ್ಲ ಎಂದು ಅವನಿಗೂ ಖುಷಿ.

ಕಾಲಿಗೆ ಪ್ಲೇಟ್ ಕೂತಿದೆ. ಸಂಕ್ರಾಂತಿ ಕಳೆಯುವವರೆಗೆ ನೆಲಕ್ಕೆ ಊರುವ ಹಾಗಿಲ್ಲ. ಅಪ್ಪಾಜಿ ಬೆಳಿಗ್ಗೆ ಅನ್ನಕ್ಕಿಟ್ಟು, ಸೊಪ್ಪು ಕೊಯ್ದು ತಂದು, ಹುಳುಗಳಿಗೆ ಹಾಕಿ, ಆಮೇಲೆ ನನ್ನನ್ನು ನೋಡುತ್ತಾರೆ. ಮೊದಲು ರೇಷ್ಮೆ ಹುಳು, ಆಮೇಲೆ ಹೆಂಡತಿ. ಬೈಯುವ ಹಾಗೂ ಇಲ್ಲ, ಹುಳು ಅನ್ನ ಕೊಡುತ್ತವೆ. ನನ್ನ ಮಂಚವನ್ನು ಮೂಲೆ ಕೋಣೆಗೆ ಹಾಕಿದ್ದಾರೆ. ಚಿಕ್ಕಂದಿನಲ್ಲಿ ನೀನು "ಈ ಕಿಟಕಿಗೆ ಯಾಕಮ್ಮ ಮೊಳೆ ಹೊಡೆದಿದೆ" ಎಂದು ಕೇಳುತ್ತಿದ್ದೆಯಲ್ಲ, ಅದೇ ಕೋಣೆ. ದಿನವಿಡೀ ಆ ಮೊಳೆಗಳನ್ನೇ ನೋಡುತ್ತ ಮಲಗಿರುತ್ತೇನೆ.

ಕೋಣೆ ಬೆಚ್ಚಗಿರಲಿ, ಅನು. ಬೇರೆ ಯಾವುದರಲ್ಲಿ ಹಟ ಮಾಡಿದರೂ ಇದರಲ್ಲಿ ಬೇಡ. ನಮ್ಮ ಮನೆಯಲ್ಲಿ ಬಾಣಂತಿ ಕೋಣೆಗೆ ಬಾಣಲೆಯಲ್ಲಿ ಕೆಂಡ ಇಡುತ್ತಿದ್ದರು. ಒಂದು ಪುಟ್ಟಿ ಇದ್ದಿಲು ಮೂರು ದಿನಕ್ಕೆ ಬರುತ್ತಿತ್ತು. ಅತ್ತೆಯವರಿಗೂ ಗೊತ್ತಿರುತ್ತದೆ, ಅವರು ಹೇಳಿದಂತೆ ಕೇಳು. ಕಿಟಕಿಯ ಸುದ್ದಿಗೆ ಮಾತ್ರ ಹೋಗಬೇಡ.

ಕಾಲಿನ ವಿಷಯ ಬರೆದದ್ದಕ್ಕೆ ನನಗೆ ಬೇಸರವಿಲ್ಲ. ಅದನ್ನೇ ನಾನೂ ದಿನಾ ನೂರು ಸಲ ಅಂದುಕೊಳ್ಳುತ್ತೇನೆ.

ಅಮ್ಮ


ಅಂಬತ್ತೂರು
9 ಡಿಸೆಂಬರ್ 2024

ಅಮ್ಮಾ,

ಚಂಡಮಾರುತ ಬಂದು ಹೋಯಿತು. ಎರಡು ದಿನ ಕರೆಂಟ್ ಇರಲಿಲ್ಲ. ಬೀದಿಯ ನೀರು ಮೆಟ್ಟಿಲ ತನಕ ಬಂದಿತ್ತು, ನಾವು ಎರಡನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದೆವು. ಮಗುವಿನ ಪಾದ ಐಸಿನ ಹಾಗಾಗಿತ್ತು. ನಾನೂ ಅತ್ತೆಯೂ ಸರದಿಯ ಮೇಲೆ ಅಂಗೈಯಲ್ಲಿ ಉಜ್ಜುತ್ತ ಕೂತೆವು. ಆ ಎರಡು ದಿನ ಅತ್ತೆ ಊಟವನ್ನೇ ಮಾಡಲಿಲ್ಲ, ಅದನ್ನೂ ಹೇಳಬೇಕು.

ಕರೆಂಟ್ ಬಂದ ಮೇಲೆ ದಿನೇಶ್ ಒಂದು ರೂಮ್ ಹೀಟರ್ ತಂದರು. ಅಂಗಡಿಯವನು ಚೆನ್ನೈನಲ್ಲಿ ಹೀಟರ್ ಯಾಕೆ ಸಾರ್ ಎಂದು ನಕ್ಕನಂತೆ. ಹಾಕಿದ ಹತ್ತು ನಿಮಿಷಕ್ಕೆ ಮನೆಯ ಫ್ಯೂಸ್ ಹೋಯಿತು. ಹಳೇ ವೈರಿಂಗ್, ತಡೆಯುವುದಿಲ್ಲ. ತಡೆದರೂ ಹಗಲೂ ರಾತ್ರಿ ಉರಿಸಿದರೆ ಬಿಲ್ಲು ನಮ್ಮ ಕೈಲಾಗುವುದಿಲ್ಲ. ಮಾರನೇ ದಿನ ಹಿಂದಿರುಗಿಸಿ ಬಂದರು.

ಆಮೇಲಿನದು ಅತ್ತೆಯ ಸಾಹಸ. ಇದ್ದಿಲು ತರುತ್ತೇನೆಂದು ಹೊರಟರು. ಇಲ್ಲಿ ಅದಕ್ಕೆ ಕರಿ ಅನ್ನುತ್ತಾರೆ ಎಂದು ದಿನೇಶ್ ಹೇಳಿಕೊಟ್ಟಿದ್ದರು. ಅತ್ತೆ ಮೂಲೆ ಅಂಗಡಿಯಲ್ಲಿ ಕರಿ ಕರಿ ಎಂದು ಕೇಳಿದ್ದಾರೆ, ಆ ಪುಣ್ಯಾತ್ಮ ಮಟನ್ ಸ್ಟಾಲ್ ತೋರಿಸಿದ್ದಾನೆ. ಮಾಂಸಕ್ಕೂ ಇಲ್ಲಿ ಹೆಚ್ಚು ಕಡಿಮೆ ಅದೇ ಹೆಸರು. ಶನಿವಾರ ಬೇರೆ. ಅತ್ತೆ ಅಲ್ಲೇ ನಿಂತು ಅವನಿಗೆ ಮಳವಳ್ಳಿ ಕನ್ನಡದಲ್ಲಿ ಮಂಗಳಾರತಿ ಎತ್ತಿದ್ದಾರೆ. ಕೊನೆಗೆ ನಮ್ಮ ಬೀದಿಯ ಇಸ್ತ್ರಿ ಗಾಡಿಯವನು ಅರ್ಥ ಮಾಡಿಕೊಂಡು, ಸಂಜೆ ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನೇ ಕೊಡುತ್ತೇನೆ ಪಾಟಿ, ಅಂದರೆ ಅಜ್ಜಿ, ಅಂದನಂತೆ. ಈಗ ದಿನಾ ಸಂಜೆ ಅವನ ಪೆಟ್ಟಿಗೆಯ ಕೆಂಡ ನಮ್ಮ ಬಾಣಲೆಗೆ ಬರುತ್ತದೆ. ಇವರು ಬದಲಿಗೆ ಅವನಿಗೆ ಒಂದು ಲೋಟ ಕಾಫಿ ಕೊಡುತ್ತಾರೆ.

ಕೋಣೆ ಬೆಚ್ಚಗಾಗಿದೆ. ಮಗುವಿನ ಪಾದಕ್ಕೆ ಬಣ್ಣ ಬಂದಿದೆ. ಅಷ್ಟರ ಮಟ್ಟಿಗೆ ಅತ್ತೆಗೆ ಕೈ ಮುಗಿದೆ.

ಆದರೆ ಅಮ್ಮ, ಹೊಗೆಯಿಲ್ಲದಿದ್ದರೂ ಒಂಥರಾ ಒತ್ತುತ್ತದೆ. ಒಂದು ಬೆರಳಷ್ಟು ಕಿಟಕಿ ಸರಿಸಿ ಎಂದು ಅತ್ತು ಕೇಳಿದೆ. ಕೂಗಾಡಿದೆ. ಬಾಗಿಲ ಕೆಳಗಿನ ಸಂದಿಗೂ ಈಗ ಹಳೇ ಸೀರೆ ಸುತ್ತಿ ಇಟ್ಟಿದ್ದಾರೆ. ಇಲ್ಲಿಂದ ಬಚ್ಚಲು, ಬಚ್ಚಲಿಂದ ಇಲ್ಲಿ, ಅಷ್ಟೇ ನನ್ನ ಓಡಾಟ. ಎಂಜಿನಿಯರಿಂಗ್ ಓದಿದ ಹೆಂಗಸು ನಾನು, ಒಂದು ಕಿಟಕಿ ತೆಗೆಯಲು ಅಪ್ಪಣೆಯಿಲ್ಲ. ನೀನೊಂದು ಮಾತು ಹೇಳು ಅವರಿಗೆ. ನಿನ್ನ ಮಾತು ಕೇಳುತ್ತಾರೆ.

ಅನು


ಸಾತನೂರು
14 ಡಿಸೆಂಬರ್ 2024

ಅನು,

ಕಿಟಕಿಯ ವಿಷಯ ಅತ್ತೆಗೇ ಬಿಡು. ನಾನು ಹೇಳಲಾರೆ. ಬಾಣಂತಿಗೆ ಗಾಳಿ ಬೇಕೆನಿಸುತ್ತದೆ, ಗೋಡೆ ಒಡೆದು ಓಡಿಹೋಗಬೇಕೆನಿಸುತ್ತದೆ, ನನಗೂ ಅನಿಸಿತ್ತು. ಮೂರು ತಿಂಗಳು ಹಲ್ಲು ಕಚ್ಚಿಕೊಂಡಿರು.

ಕೆಳಗೆ ಎರಡು ಸಾಲು ಬರೆದು ಗೀಚಿ ಹಾಕಿದ್ದೇನೆ. ಓದಲು ಹೋಗಬೇಡ. ಇಲ್ಲಿ ಚಳಿ ಜೋರಾಗಿದೆ, ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿವೆ, ಪೊರೆ ಬಿಡುತ್ತಿವೆ. ಅಪ್ಪಾಜಿಗೆ ಮನೆಗೆ ಬರಲು ಪುರುಸೊತ್ತಿಲ್ಲ.

ಅಮ್ಮ


ಅಂಬತ್ತೂರು
18 ಡಿಸೆಂಬರ್ 2024

ಅಮ್ಮಾ,

ಗೀಚಿದ ಸಾಲುಗಳನ್ನು ಬೆಳಕಿಗೆ ಹಿಡಿದು ನೋಡಿದೆ. "ಕೂಸು" ಎಂಬ ಒಂದು ಪದ ಬಿಟ್ಟು ಏನೂ ಕಾಣಲಿಲ್ಲ. ನೀನೂ ಅವರ ಕಡೆ ಸೇರಿಕೊಂಡೆಯಲ್ಲ ಎಂದು ಹೊಟ್ಟೆ ಉರಿಯಿತು.

ನನಗೆ ತಲೆನೋವು ಶುರುವಾಗಿದೆ. ಸಂಜೆ ಹೊತ್ತಿಗೆ ಹಣೆ ಬಿಗಿಯತೊಡಗುತ್ತದೆ, ಬೆಳಿಗ್ಗೆ ಏಳುವಾಗ ತಲೆ ಕಲ್ಲಿನ ಹಾಗಿರುತ್ತದೆ. ಬಚ್ಚಲಿಗೆ ಹೋಗಿ ಅರ್ಧ ಗಂಟೆ ನೀರು ಹಾಕಿಸಿಕೊಂಡರೆ ಮಾಯವಾಗುತ್ತದೆ, ಮತ್ತೆ ಕೋಣೆಗೆ ಬಂದ ಮೇಲೆ ಹಾಜರು. ಬಾಣಂತಿ ನಂಜು ಎಂದು ಅತ್ತೆ ಕಷಾಯ ಕುಡಿಸುತ್ತಾರೆ. ಅವರಿಗೇ ನಿನ್ನೆ ಬೆಳಿಗ್ಗೆ ತಲೆ ಸುತ್ತಿ ವಾಂತಿಯಾಯಿತು. ಅದಕ್ಕೆ ಪಿತ್ತ ಅಂದರು. ಮಗು ಈಗ ಅಳುವುದೇ ಇಲ್ಲ. ಹಾಲಿಗೆ ಎಬ್ಬಿಸಿದರೂ ಏಳುವುದಿಲ್ಲ, ಎರಡು ಸಲ ಚೀಪಿ ಹಾಗೇ ನಿದ್ದೆಗೆ ಜಾರುತ್ತಾಳೆ. ಕೂಸು ಎಷ್ಟು ಸಾಧು ಎಂದು ಅತ್ತೆ ದೃಷ್ಟಿ ತೆಗೆದರು.

ಮೊನ್ನೆ ಕಿಟಕಿಯ ಮೇಲಿರುತ್ತಿದ್ದ ಹಲ್ಲಿ ತೊಪ್ಪನೆ ಕೆಳಗೆ ಬಿತ್ತು. ಸತ್ತಿತ್ತು. ಅತ್ತೆ ಶಕುನ ಸರಿಯಿಲ್ಲವೆಂದು ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದರು. ಅತ್ತೆ ನಮ್ಮ ಜೊತೆ ಒಳಗೆ, ದಿನೇಶ್ ಹೊರಗೆ ನಡುಮನೆಯಲ್ಲಿ ಆರಾಮಾಗಿ ಮಲಗುತ್ತಾರೆ. ಅವರಿಗೆ ಯಾವ ತಲೆನೋವೂ ಇಲ್ಲ.

ನನಗೆ ಭಯವಾಗುತ್ತಿದೆ ಅಮ್ಮ. ನಿನ್ನೆ ಅತ್ತೆ ಕಣ್ಣು ಮುಚ್ಚಿದ್ದಾಗ ಕಿಟಕಿಯ ಟೇಪಿಗೆ ಉಗುರು ಹಾಕಿದೆ. ಎಲ್ಲಿತ್ತೋ ಎಚ್ಚರ, ಎದ್ದು ಬಂದು ಕೈ ಹಿಡಿದುಕೊಂಡರು. ಅವರ ಕಣ್ಣಲ್ಲೂ ನೀರಿತ್ತು, ಆದರೂ ಬಿಡಲಿಲ್ಲ. ಆ ರಾಕ್ಷಸಿ ನನ್ನನ್ನು ಈ ಕೋಣೆಯಲ್ಲೇ ಸಾಯಿಸುತ್ತಾಳೆ. ಕಾಲು ಮುರಿದಿದ್ದರೂ ಸರಿ, ತೆವಳಿಕೊಂಡಾದರೂ ಬಾ.

ಅನು


ಸಾತನೂರು
24 ಡಿಸೆಂಬರ್ 2024

ಮಗಳೇ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನ ಕಿಟಕಿ ತೆರೆದು ಒಂದು ವಾರವಾಗಿರುತ್ತದೆ. ಅದು ಹೇಗಾಯಿತೆಂದು ನಿನಗೆ ಅರ್ಧ ಮಾತ್ರ ಗೊತ್ತು.

ನಿನ್ನೆ ನಾಲ್ಕು ಗಂಟೆಗೆ ನಿನ್ನ ಕಾಗದ ಬಂತು. ಓದಿ ಮುಗಿಸುವಷ್ಟರಲ್ಲಿ ಅಪ್ಪಾಜಿ ಹುಳು ಮನೆಯಿಂದ ಬಂದರು. ಚಳಿ ಜಾಸ್ತಿ, ಕೆಂಡ ಇಟ್ಟು, ಗವಾಕ್ಷಿ ಹಗ್ಗ ಎಳೆದು ಬಂದೆ ಅಂದರು. ದಿನಾ ಹೇಳುವ ಮಾತೇ. ಹುಳು ಮನೆಗೆ ಕೆಂಡ ಇಟ್ಟರೆ ಮೇಲಿನ ಗವಾಕ್ಷಿ ತೆಗೆಯಲೇಬೇಕು. ಮುಚ್ಚಿಟ್ಟರೆ ಹುಳು ಮೊದಲು ಸೊಪ್ಪು ಬಿಡುತ್ತವೆ, ಆಮೇಲೆ ಅಲ್ಲಾಡುವುದಿಲ್ಲ, ಬೆಳಿಗ್ಗೆ ತಟ್ಟೆ ತಟ್ಟೆಯೇ ಸತ್ತಿರುತ್ತದೆ. ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ನನಗೆ ಲಂಗ ಉಡುವ ವಯಸ್ಸಿನಿಂದ ಗೊತ್ತು. ಹುಳುವಿನ ವಿಷಯದಲ್ಲಿ ಗೊತ್ತಿದ್ದದ್ದು ಮಗಳ ವಿಷಯದಲ್ಲಿ ಮರೆತೆ. ನಮ್ಮದು ಹೆಂಚಿನ ಮನೆ, ನೂರು ಸಂದು, ಮನೆಯೇ ಉಸಿರಾಡುತ್ತದೆ. ನಿನ್ನದು ತಾರಸಿ, ಗಾಜು, ಟೇಪು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಿನ್ನ ಫೋನಿಗೆ ಮಾಡಿದೆ. ಅತ್ತೆ ಎತ್ತಿದರು. "ಬೀಗಿತಿ, ಹುಳು ಮನೆಗೆ ಕೆಂಡ ಇಟ್ಟು ಗವಾಕ್ಷಿ ಮುಚ್ಚುದ್ರೆ ಏನಾಯ್ತದೆ?" ಎಂದು ಕೇಳಿದೆ, ಅಷ್ಟೇ. ಆ ಕಡೆ ಫೋನ್ ಕೆಳಗೆ ಬಿದ್ದ ಸದ್ದಾಯಿತು, ಆಮೇಲೆ ಟೇಪು ಪರಪರ ಕಿತ್ತ ಸದ್ದು. ಮತ್ತೆ ಲೈನ್ ಸಿಗಲಿಲ್ಲ. ದಿನೇಶ್ ಆಸ್ಪತ್ರೆಯಿಂದ ಮಾಡಿ, ಮೂವರಿಗೂ ಆಕ್ಸಿಜನ್ ಕೊಟ್ಟರು, ಮಗು ಜೋರಾಗಿ ಅಳುತ್ತಿದೆ ಎಂದು ಹೇಳುವವರೆಗೆ ಎರಡು ಗಂಟೆ ನಾನು ಈ ಮೊಳೆಗಳನ್ನು ಎಣಿಸುತ್ತ ಮಲಗಿದ್ದೆ.

ಈಗ ಉಳಿದರ್ಧ. ನಿನ್ನತ್ತೆ ಇದನ್ನು ಹೇಳಿಲ್ಲ, ಹೇಳುವವರೂ ಅಲ್ಲ. ನಿನ್ನನ್ನು ಕೂಡಿ ಹಾಕಿದವರು ಅವರಲ್ಲ ಅನು, ನಾನು. ಕಾಲು ಮುರಿದ ವಾರವೇ ಅವರಿಗೊಂದು ಕಾಗದ ಬರೆದಿದ್ದೆ. ನನ್ನ ಮಗಳು ಹಟಮಾರಿ, ಅತ್ತರೂ ಬೈದರೂ ಕಾಲಿಗೆ ಬಿದ್ದರೂ ಕಿಟಕಿ ತೆಗೆಯಲು ಬಿಡಬೇಡಿ, ಆಣೆ ಮಾಡಿ ಎಂದು ಬರೆದಿದ್ದೆ. ನಾನು ಹೇಳಿದೆನೆಂದು ತಿಳಿಸಬೇಡಿ, ಮುನಿಸಿಕೊಳ್ಳುತ್ತಾಳೆ ಎಂದೂ ಬರೆದಿದ್ದೆ. ನೀನು ರಾಕ್ಷಸಿ ಎಂದು ಬರೆದದ್ದು ನನ್ನ ಹೆಸರಿಗೇ ಸೇರಬೇಕಾದದ್ದು.

ಯಾಕೆ ಎಂದು ಕೇಳುತ್ತೀಯ. ನಿನಗಿಂತ ಮೂರು ವರ್ಷ ಮುಂಚೆ ನಮಗೊಂದು ಗಂಡು ಕೂಸು ಹುಟ್ಟಿತ್ತು. ಅದೂ ದಿನ ತುಂಬದ್ದು, ಅಂಗೈಯಗಲ. ಈ ಕೋಣೆಯಲ್ಲೇ ಬಾಣಂತನ. ಹತ್ತೊಂಬತ್ತನೇ ದಿನ. ಕೂಸು ಎರಡು ದಿನದಿಂದ ಎದೆ ಕಚ್ಚಿರಲಿಲ್ಲ, ಅತ್ತೂ ಇರಲಿಲ್ಲ, ಒಳ್ಳೆ ನಿದ್ದೆ ಅಂದರು. ನನಗೆ ಇಪ್ಪತ್ತೊಂದು ವರ್ಷ. ಉಸಿರು ಕಟ್ಟಿದ ಹಾಗಾಗಿ, ಯಾರೂ ಇಲ್ಲದಾಗ ಸಂಜೆ ಒಂದು ಗಳಿಗೆ ಕಿಟಕಿ ತೆಗೆದು ನಿಂತೆ. ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಎಷ್ಟು ಸುಖವಾಯಿತೆಂದು ಈಗಲೂ ನೆನಪಿದೆ. ಬೆಳಿಗ್ಗೆ ಕೂಸು ಇರಲಿಲ್ಲ. ನನ್ನತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. "ಕಿಟಕಿ ತೆಗೆದ್ಯಲ್ಲವ್ವ" ಅಂದರು, ಅಷ್ಟೇ. ಮೊಳೆ ಹೊಡೆದವಳು ನಾನೇ.

ಅವನ ಕಿಟಕಿ ತೆಗೆದು ಒಂದು ಜೀವ ಕಳೆದೆ. ನಿನ್ನ ಕಿಟಕಿ ಮುಚ್ಚಿಸಿ ಇನ್ನು ಮೂರು ಕಳೆಯುತ್ತಿದ್ದೆ. ನೀನು ಇನ್ನು ಮೇಲೆ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಅಮ್ಮ


ಅಂಬತ್ತೂರು
2 ಜನವರಿ 2025

ಬೀಗಿತಿಯವರಿಗೆ ಚಿಕ್ಕತಾಯಮ್ಮ ಬರೆಯೋ ಕಾಗದ.

ನಾನು ಓದಿರೋದು ನಾಕನೇ ಕ್ಲಾಸು. ಅಕ್ಷರ ಸೊಟ್ಟಗಿದ್ರೆ ಮನಸಿಗೆ ಹಾಕ್ಕಬ್ಯಾಡಿ. ಎಲ್ಲಾರೂ ಕ್ಷೇಮ ಅಂತ ಬರೆಯೋದು ವಾಡಿಕೆ, ಈ ಸಲ ಅದು ನಿಜವೂ ಹೌದು.

ನಿಮ್ಮ ಕಾಗದ ಅನು ಓದುದ್ಲು. ಓದಿ ಎರಡು ದಿನ ಗೋಡೆ ಕಡೆ ಮಕ ಮಾಡ್ಕೊಂಡು ಮಲಗಿದ್ಲು. ಆಮ್ಯಾಕೆ ಬಂದು ನನ್ನ ಮುಂದೆ ಕೂತು, ನೀವ್ಯಾಕೆ ಹೇಳ್ನಿಲ್ಲ ಅತ್ತೆ, ಅಂದ್ಲು. ನಿಮ್ಮವ್ವ ಬ್ಯಾಡ ಅಂದಿದ್ರು ಅಂದೆ. ನನ್ನ ರಾಕ್ಷಸಿ ಅಂತ ನಿಮಗೆ ಬರ್ದಿದ್ದನ್ನೂ ಅವಳೇ ಒಪ್ಕೊಂಡ್ಲು. ನಂಗೆ ನಗು ಬಂತು. ಅತ್ತೆ ಅಂತ ಆದ ಮ್ಯಾಲೆ ಆ ಹೆಸರು ತಪ್ಪೀತಾ.

ತಪ್ಪು ನಿಮ್ಮದೊಂದೇ ಅಲ್ಲ. ನಾನೂ ನಲವತ್ತು ವರ್ಷ ಹುಳು ಸಾಕಿದೋಳು. ಗವಾಕ್ಷಿ ಹಗ್ಗ ಎಳೆದೂ ಎಳೆದೂ ಕೈ ಜಡ್ಡುಗಟ್ಟೋದ್ವು. ಇಲ್ಲಿ ಮಹಡಿ ಮ್ಯಾಲೆ ಕೂತು ಅದ್ನೆಲ್ಲಾ ಊರಲ್ಲೇ ಬಿಟ್ಟು ಬಂದಂಗಾಗಿತ್ತು. ಡಾಕ್ಟರಮ್ಮ ಬೈದ್ರು, ಬೈಸ್ಕೊಂಡೆ.

ಈಗ ಕೆಂಡ ಇಲ್ಲ. ಕೂಸನ್ನ ಎದೆಗೆ ಕಟ್ಕೊಂಡಿವ್ನಿ. ರವಿಕೆ ಗುಂಡಿ ಬಿಚ್ಚಿ, ಕೂಸಿನ ಬರಿ ಮೈ ನನ್ನ ಮೈಗೆ ಆನಿಸಿ, ಮ್ಯಾಲೆ ಹತ್ತಿ ಸೀರೆ ಸುತ್ಕೊಂಡಿವ್ನಿ. ಮೊದ್ಲು ನಾಚ್ಕೆ ಆಯ್ತು. ಬೆಳಿಗ್ಗೆ ಅನು, ಮಧ್ಯಾಹ್ನ ನಾನು, ದಿನೇಸ ಕೆಲಸದಿಂದ ಬಂದ ಮ್ಯಾಲೆ ಅವನು. ಕರೆಂಟೂ ಬ್ಯಾಡ, ಇದ್ಲೂ ಬ್ಯಾಡ, ಒಂದು ಕಾಸು ಖರ್ಚಿಲ್ಲ. ಕೂಸಿನ ಕಾಲು ಬೆಚ್ಚಗವೆ. ಕಿಟಕಿ ಹಗಲೆಲ್ಲಾ ತೆಗೆದೇ ಇರ್ತದೆ.

ಅವಳಿಗೆ ನಿಮ್ಮ ಮ್ಯಾಲೆ ಸಿಟ್ಟದೆ. ಇಲ್ಲ ಅಂತ ಸುಳ್ಳು ಹೇಳಕಿಲ್ಲ. ಬರೀತಾಳೆ, ತಡ ಆಗಬೌದು. ನಿಮ್ಮ ಗಂಡು ಕೂಸಿನ ವಿಸ್ಯ ಓದಿ ನಾನೂ ಅತ್ತುಬುಟ್ಟೆ.

ಚಿಕ್ಕತಾಯಮ್ಮ


ಅಂಬತ್ತೂರು
17 ಜನವರಿ 2025

ಅಮ್ಮಾ,

ಮೂರು ವಾರ ನಿನಗೆ ಬರೆಯಬಾರದೆಂದೇ ಇದ್ದೆ. ನನ್ನನ್ನು ಬೀಗ ಹಾಕಿ ಕೂರಿಸಿ, ಬೀಗದ ಕೈಯನ್ನು ಅತ್ತೆ ಕೈಗೆ ಕೊಟ್ಟು, ದೂರದಿಂದ ನೀನು ನನ್ನ ದೂರು ಓದುತ್ತಿದ್ದೆಯಲ್ಲ. ಅದು ನೆನಪಾದಾಗಲೆಲ್ಲ ನಿನ್ನ ಕಾಗದ ಹರಿದು ಬಿಸಾಕಬೇಕೆನಿಸುತ್ತಿತ್ತು. ಹರಿಯಲಿಲ್ಲ. ಹರಿಯದೆ ಇಟ್ಟುಕೊಂಡದ್ದೇ ಒಳ್ಳೆಯದಾಯಿತು.

ಪೊಂಗಲ್ ರಜೆಯಲ್ಲಿ ದಿನೇಶ್ ಮಗುವನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ನಾನು ಕಿಟಕಿಯ ಹತ್ತಿರ ಕೂತು ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. ಸಿಟ್ಟಿನಲ್ಲಿ ಓದುವಾಗ ಒಂದು ಸಾಲು ಕಣ್ಣಿಗೆ ಬಿದ್ದಿರಲಿಲ್ಲ. ನೀನೇ ಬರೆದ ಸಾಲು. "ಕೂಸು ಎರಡು ದಿನದಿಂದ ಎದೆ ಕಚ್ಚಿರಲಿಲ್ಲ, ಅತ್ತೂ ಇರಲಿಲ್ಲ." ಕಿಟಕಿ ತೆಗೆದದ್ದು ಅದಾದ ಮೇಲೆ ಅಮ್ಮ. ಎರಡು ದಿನ ಆದ ಮೇಲೆ.

ನಿನ್ನೆ ಮಗುವಿನ ತೂಕ ನೋಡಿಸಲು ಹೋಗಿದ್ದೆವು. ಎರಡು ಕೆಜಿ ಎಂಟುನೂರು. ನಿನ್ನ ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಆ ಸಾಲನ್ನು ಡಾಕ್ಟರಮ್ಮನಿಗೆ ಓದಿ, ನನ್ನ ಹರಕು ತಮಿಳಿನಲ್ಲಿ ಅರ್ಥ ಹೇಳಿದೆ. ದಿನ ತುಂಬದ ಮಗು ಹಾಲು ಬಿಟ್ಟು ಅಳುವುದನ್ನೂ ಬಿಟ್ಟಿತೆಂದರೆ ಅದಾಗಲೇ ಕಾಯಿಲೆ ಬಿದ್ದಿತ್ತೆಂದು ಅರ್ಥವಂತೆ. ನಮ್ಮ ಮಗುವಿಗೂ ಅದೇ ಚಿಹ್ನೆ ಬಂದಿತ್ತು, ಕಾರಣ ಬೇರೆ, ನಾವು ಸಮಯಕ್ಕೆ ಬಂದೆವು ಅಂದರು. ಆ ಕಾಲದಲ್ಲಿ, ಆ ಊರಿನಲ್ಲಿ, ಯಾರಿಗೂ ಅದು ತಿಳಿಯುತ್ತಿರಲಿಲ್ಲವಂತೆ. ಹಾಗಾದರೆ ಆ ಕಿಟಕಿ, ಎಂದು ಕೇಳಿದೆ. ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಜನ್ನಲ್ ಇಲ್ಲಮ್ಮಾ" ಅಂದರು.

ಕಿಟಕಿಯಿಂದ ಅಲ್ಲ, ಅಮ್ಮ.

ಅತ್ತೆ ಪಕ್ಕದಲ್ಲೇ ಇದ್ದರು. ಅಲ್ಲಿಂದಲೇ ನಿನಗೆ ಫೋನ್ ಮಾಡು ಅಂದರು, ಫೋನನ್ನು ಸೊಂಟದಿಂದ ತೆಗೆದು ಕೈಗೂ ಕೊಟ್ಟರು. ನಾನು ಮಾಡಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಅಂದುಬಿಡುತ್ತೀಯ, ಆಮೇಲೆ ನಿನ್ನ ಹತ್ತಿರ ಏನೂ ಉಳಿಯುವುದಿಲ್ಲ. ಇದನ್ನಾದರೆ ಇಟ್ಟುಕೊಂಡು ಮತ್ತೆ ಮತ್ತೆ ಓದಬಹುದು. ಮೂವತ್ತು ವರ್ಷ ಊರಿಗೆ ಕಾಗದ ಹಂಚಿಸಿದವಳಿಗೆ ಕಾಗದದಲ್ಲೇ ಬರಲಿ.

ನನ್ನ ಸಿಟ್ಟು ಪೂರಾ ಹೋಗಿಲ್ಲ. ಸಾತನೂರಿಗೆ ಬಂದ ಮೇಲೆ ಒಂದು ದಿನ ಕೂತು ಚೆನ್ನಾಗಿ ಜಗಳವಾಡುತ್ತೇನೆ, ನಿನ್ನ ಕಾಲು ನೆಲಕ್ಕೆ ಊರಲಿ. ಶಿವರಾತ್ರಿಗೆ ನಾವು ನಾಲ್ಕು ಜನ ಹೊರಡುತ್ತಿದ್ದೇವೆ. ಆ ಮೂಲೆ ಕೋಣೆಯಲ್ಲೇ ನಿನ್ನ ಪಕ್ಕ ಮಲಗುತ್ತೇನೆ.

ಅಣ್ಣನಿಗೆ ಏನೆಂದು ಹೆಸರಿಡಬೇಕೆಂದಿದ್ದೆ? ನೀನು ಬರೆದಿಲ್ಲ. ಬರಿ.

ಈ ಕಾಗದವನ್ನು ಓದಿ ಮುಗಿಸಿ ಅಪ್ಪಾಜಿ ಕೈಗೆ ಕೊಡು. ಕೊನೆಯ ಸಾಲು ಅವರಿಗೆ. ಅಪ್ಪಾಜಿ, ಹುಳು ಮನೆಯ ಕೆಲಸ ಆಮೇಲೆ ನೋಡಿದರಾಯಿತು. ಮೊದಲು ಇಕ್ಕಳ ತಂದು ಅಮ್ಮನ ಕಿಟಕಿಯ ಮೊಳೆ ಕೀಳಿ.

ನಿಮ್ಮ ಮಗಳು
ಅನು